ಇಆರ್‌ಪಿಯಲ್ಲಿ ಹೊಸ ಫೀಲ್ಡ್ ಯಾವಾಗ ಹಾಕಬೇಕು? ಕೇಳಿದವರಿಗೆಲ್ಲ ಹಾಕಿ ಕೊಡಬೇಕಾ?

ಬೈಕಂಪಾಡಿ ಲೆಕ್ಕ:

ನಮಸ್ಕಾರ. ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಲೆಕ್ಕವೂ ಕಂಪ್ಯೂಟರ್ ಕೆಲಸವೂ ನನ್ನದೇ. ಮೊದಲು ಟ್ಯಾಲಿ ಮತ್ತು ಎಕ್ಸೆಲ್‌ನಲ್ಲಿ ನಡೆಯುತ್ತಿತ್ತು, ಈಗ ಇಆರ್‌ಪಿನೆಕ್ಸ್ಟ್‌ಗೆ ಬಂದಿದ್ದೇವೆ, ಖರೀದಿ, ಮಾರಾಟ, ದಾಸ್ತಾನು, ಲೆಕ್ಕ ಎಲ್ಲ ಒಂದೇ ಕಡೆ ಇಡುವ ಇಆರ್‌ಪಿ ಸಾಫ್ಟ್‌ವೇರ್ ಅದು. ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯುತ್ತಿದೆ. ನನ್ನ ಪ್ರಶ್ನೆ ಬೇರೆ.

ಇದರಲ್ಲಿ ಹೊಸ ಫೀಲ್ಡ್, ಅಂದರೆ ಮಾಹಿತಿ ತುಂಬುವ ಬಾಕ್ಸ್, ಸೇರಿಸುವುದು ತುಂಬ ಸುಲಭ. ಕಸ್ಟಮೈಸ್ ಫಾರಂಗೆ ಹೋಗಿ ಒಂದು ಸಾಲು ಸೇರಿಸಿ ಸೇವ್ ಮಾಡಿದರೆ ಆಯಿತು, ಪ್ರೋಗ್ರಾಮರ್ ಬೇಡ. ಇದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಈಗ ಒಬ್ಬರಲ್ಲ ಒಬ್ಬರು ನನ್ನ ಮೇಜಿನ ಹತ್ತಿರ ಬಂದು "ಒಂದು ಕಾಲಂ ಹಾಕಿ ಕೊಡಿ" ಅನ್ನುತ್ತಾರೆ.

ಖರೀದಿಯವರಿಗೆ ಪ್ರತಿ ಲೋಡಿಗೂ ಔಟ್‌ಟರ್ನ್ (ಚೀಲಕ್ಕೆ ಎಷ್ಟು ತಿರುಳು ಸಿಗುತ್ತದೆ ಅಂತ), ನಟ್ ಕೌಂಟ್ (ಕಿಲೋಗೆ ಎಷ್ಟು ಬೀಜ ಅಂತ), ತೇವಾಂಶ, ಯಾವ ದೇಶದ ಬೀಜ, ಯಾವ ಹಡಗಿನಲ್ಲಿ ಬಂತು, ಇಷ್ಟೂ ಬೇಕು. ನಮ್ಮ ಕಚ್ಚಾ ಬೀಜ ಜಾಸ್ತಿ ಬರುವುದು ಆಫ್ರಿಕಾದಿಂದ, ಬೆನಿನ್, ಐವರಿ ಕೋಸ್ಟ್, ಟಾಂಜಾನಿಯಾ ಹೀಗೆ, ಹಾಗಾಗಿ ಅವರು ಕೇಳುವುದು ತಪ್ಪು ಅಂತ ನನಗೂ ಅನ್ನಿಸುವುದಿಲ್ಲ. ಸೇಲ್ಸ್‌ನವರಿಗೆ ಗ್ರಾಹಕರ ಪಟ್ಟಿಯಲ್ಲಿ "ಕೇರಳ ಪಾರ್ಟಿ" ಅಂತ ಒಂದು ಟಿಕ್, "ಒಳ್ಳೆ ಪಾರ್ಟಿ" ಅಂತ ಇನ್ನೊಂದು ಟಿಕ್, ಬಿಲ್ಲಿನಲ್ಲಿ ಲಾರಿ ನಂಬರ್, ಮತ್ತೆ ಗೋಡಂಬಿಯ ಗ್ರೇಡ್ ಹಾಕಲಿಕ್ಕೆ ಒಂದು ಕಾಲಂ. ಆಡಿಟರ್ ಆಫೀಸಿನಿಂದ ಪ್ಯಾನ್ ನಂಬರಿಗೆ ಬೇರೆ ಫೀಲ್ಡ್ ಇರಲಿ ಅಂದಿದ್ದಾರೆ. ಬಿಲ್ಲಿನಲ್ಲಿ ನಮ್ಮ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಲೈಸೆನ್ಸ್) ನಂಬರ್ ಬರಬೇಕು. ಫ್ಯಾಕ್ಟರಿ ಒಳಗಿನವರು ಬೀಜ ಬೇಯಿಸುವಾಗ ಸ್ಟೀಮ್ ಎಷ್ಟಿತ್ತು, ಎಷ್ಟು ಹೊತ್ತು ಬೇಯಿಸಿದ್ದು ಅಂತ ಬರೆಯಬೇಕು ಅನ್ನುತ್ತಾರೆ. ಕೆಲಸಗಾರರ ಫಾರಂನಲ್ಲಿ ಗಂಡನ ಉದ್ಯೋಗ, ಮಕ್ಕಳೆಷ್ಟು ಅಂತ ಕೇಳುವ ಫೀಲ್ಡ್‌ಗಳೂ ಬೇಕಂತೆ.

ಎಲ್ಲವನ್ನೂ ಹಾಕಿದರೆ ಖರೀದಿ ರಶೀದಿ ಒಂದು ಅರ್ಜಿ ಫಾರಂ ಆಗಿಬಿಡುತ್ತದೆ. ಗೇಟಿನಲ್ಲಿ ಲಾರಿ ಸಾಲು ನಿಂತಿರುವಾಗ ಅದನ್ನು ತುಂಬುವವರು ಯಾರು? ಹಾಗಂತ ಎಲ್ಲದಕ್ಕೂ ಬೇಡ ಅಂದರೆ ಅವರು ಪುನಃ ಎಕ್ಸೆಲ್ ತೆರೆದು ಕೂರುತ್ತಾರೆ, ಆಮೇಲೆ ಎರಡು ಕಡೆ ಎರಡು ಲೆಕ್ಕ.

ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಒಂದು ಅಳತೆಗೋಲು ಅಂತ ಏನಾದರೂ ಉಂಟಾ? ಸುಮ್ನೆ "ಅಗತ್ಯ ಇದ್ದರೆ ಹಾಕಿ" ಅಂದರೆ ಸಾಲದು, ಕೇಳುವವರಿಗೆಲ್ಲ ಅಗತ್ಯ ಅಂತಲೇ ಕಾಣುತ್ತದೆ.


ಮಣಿಪಾಲದಿಂದ:

ಒಳ್ಳೆ ಸಮಯಕ್ಕೆ ಕೇಳಿದಿರಿ. ಹಾಕಿದ ಮೇಲೆ ತೆಗೆಯುವುದು ಕಷ್ಟ. ನಾನು ಇದೇ ಸಾಫ್ಟ್‌ವೇರನ್ನು ಸಣ್ಣ ಕಂಪನಿಗಳಿಗೆ ಕೂರಿಸಿ ಕೊಡುವ ಕೆಲಸದಲ್ಲಿದ್ದೇನೆ, ಉಡುಪಿ ಮಂಗಳೂರು ಎರಡೂ ಕಡೆ.

ಯಾರಾದರೂ ಫೀಲ್ಡ್ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟು: ಇದನ್ನು ತುಂಬುವವರು ಯಾರು, ತುಂಬುವ ಹೊತ್ತಿಗೆ ಆ ಮಾಹಿತಿ ಅವರ ಕೈಯಲ್ಲಿ ಇರುತ್ತದಾ, ಆಮೇಲೆ ಇದನ್ನು ನೋಡಿ ಯಾರು ಏನು ಬದಲಿಸುತ್ತಾರೆ. ಮೂರನೆಯದಕ್ಕೆ "ರಿಪೋರ್ಟಿಗೆ ಬೇಕು" ಅಂತ ಉತ್ತರ ಬಂದರೆ ಬಿಡುವುದಿಲ್ಲ, ಆ ರಿಪೋರ್ಟ್ ನೋಡಿ ಯಾರು ಏನು ಮಾಡುತ್ತಾರೆ ಅಂತ ಇನ್ನೊಮ್ಮೆ ಕೇಳುತ್ತೇನೆ. ಔಟ್‌ಟರ್ನ್ ನೋಡಿ ಸಪ್ಲೈಯರ್‌ಗೆ ಕೊಡುವ ರೇಟ್ ಬದಲಾಗುತ್ತದೆ, ಅದು ಬೇಕೇ ಬೇಕು. "ಒಳ್ಳೆ ಪಾರ್ಟಿ" ಟಿಕ್ ನೋಡಿ ಯಾರು ಏನು ಮಾಡುತ್ತಾರೆ? ಸಾಲ ಎಷ್ಟು ಕೊಡಬಹುದು ಅಂತ ನೋಡಲಿಕ್ಕೆ ಆದರೆ ಕ್ರೆಡಿಟ್ ಲಿಮಿಟ್ ಅಂತ ಮೊದಲೇ ಉಂಟು, ಅದಕ್ಕೆ ಅಂಕಿ ತುಂಬಿ. ರೇಟ್ ಕಡಿಮೆ ಮಾಡಲಿಕ್ಕೆ ಆದರೆ ಪ್ರೈಸ್ ಲಿಸ್ಟ್ ಉಂಟು. ಅದೆರಡೂ ಅಲ್ಲ ಅಂದರೆ ಆ ಟಿಕ್ ಯಾರಿಗೂ ಬೇಡ.

ಇದಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದುಂಟು. ಅದು ಈಗಾಗಲೇ ಇದೆಯಾ ಅಂತ ಹುಡುಕುವುದು. ನೀವು ಹೇಳಿದ್ದರಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ. ಲಾರಿ ನಂಬರ್ ನೋಡಿ, ಜಿಎಸ್‌ಟಿಗೆ ಇರುವ ಇಂಡಿಯಾ ಕಂಪ್ಲಯನ್ಸ್ ಆ್ಯಪ್ ಹಾಕಿದ್ದರೆ ಸೇಲ್ಸ್ ಇನ್‌ವಾಯ್ಸ್‌ನಲ್ಲಿ ಟ್ರಾನ್ಸ್‌ಪೋರ್ಟರ್, ವಾಹನದ ನಂಬರ್, ದೂರ ಎಲ್ಲ ಈಗಾಗಲೇ ಉಂಟು. ಅದು ಇ-ವೇ ಬಿಲ್ಲಿಗೆ ಹೋಗುವ ಜಾಗ. 50,000 ರೂಪಾಯಿ ಮೇಲಿನ ಸರಕಿಗೆ ನೀವು ಅದನ್ನು ಹೇಗೂ ತುಂಬಬೇಕಲ್ಲ. ಪಕ್ಕದಲ್ಲೇ ನಿಮ್ಮದೊಂದು "ಲಾರಿ ನಂಬರ್" ಹಾಕಿದರೆ ಒಬ್ಬರು ಇಲ್ಲಿ ತುಂಬುತ್ತಾರೆ, ಇನ್ನೊಬ್ಬರು ಅಲ್ಲಿ.

ಪ್ಯಾನ್‌ಗೂ ಕೇರಳಕ್ಕೂ ಒಂದೇ ಉತ್ತರ. ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ಅದರ ನಂತರದ ಹತ್ತು ಆ ಪಾರ್ಟಿಯ ಪ್ಯಾನ್. ಕರ್ನಾಟಕ 29, ಕೇರಳ 32. ಕಾಸರಗೋಡಿನ ಅಂಗಡಿಯವರು ನಿಮಗೆ ಎಷ್ಟು ಹತ್ತಿರದವರಾದರೂ ಅವರ ನಂಬರ್ 32ರಿಂದಲೇ ಶುರುವಾಗುತ್ತದೆ, ಬಿಲ್ಲಿನಲ್ಲಿ ಪ್ಲೇಸ್ ಆಫ್ ಸಪ್ಲೈ ಅಂತ ಬರುವುದೂ ಅದೇ. ಅದರ ಮೇಲೆ ಫಿಲ್ಟರ್ ಹಾಕಿದರೆ ಕೇರಳದ ಪಾರ್ಟಿಗಳೆಲ್ಲ ಬರುತ್ತಾರೆ. ಇರುವ ಮಾಹಿತಿಯಿಂದ ತೆಗೆಯಲಿಕ್ಕೆ ಆಗುವುದನ್ನು ಮನುಷ್ಯರ ಕೈಯಲ್ಲಿ ಪುನಃ ತುಂಬಿಸಬಾರದು. ಒಂದು ದಿನ ಎರಡೂ ಬೇರೆ ಬೇರೆ ಹೇಳುತ್ತವೆ, ಆಗ ಯಾವುದು ಸರಿ ಅಂತ ಹೇಳುವವರಿಲ್ಲ. ಜಿಎಸ್‌ಟಿ ನಂಬರೇ ಇಲ್ಲದ ಪಾರ್ಟಿಗಳಿದ್ದರೆ ಅವರಿಗೆ ವಿಳಾಸದಲ್ಲಿ ರಾಜ್ಯ ಉಂಟು, ಅವರ ಪ್ಯಾನ್ ಬೇಕಾದರೆ ಅದಕ್ಕೂ ಆ ಆ್ಯಪ್‌ನಲ್ಲೇ ಜಾಗ ಉಂಟು.

ಎಫ್‌ಎಸ್‌ಎಸ್‌ಎಐ ನಂಬರ್ ಬಿಲ್ಲಿನಲ್ಲಿ ಇರಲೇಬೇಕು, 2022ರ ಜನವರಿ 1ರಿಂದ ಕಡ್ಡಾಯ. ಆದರೆ ನಿಮ್ಮ ಆ 14 ಅಂಕಿ ಬಿಲ್ಲಿನಿಂದ ಬಿಲ್ಲಿಗೆ ಬದಲಾಗುವುದಿಲ್ಲ ಅಲ್ವಾ? ಹಾಗಾದರೆ ಅದು ಬಿಲ್ಲಿನ ಫೀಲ್ಡ್ ಅಲ್ಲ. ಪ್ರಿಂಟ್ ಫಾರ್ಮ್ಯಾಟ್‌ನಲ್ಲೋ ಲೆಟರ್‌ಹೆಡ್‌ನಲ್ಲೋ ಒಮ್ಮೆ ಬರೆದರೆ ಮುಗಿಯಿತು.

ಗ್ರೇಡ್ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಡಬ್ಲ್ಯೂ 180, ಡಬ್ಲ್ಯೂ 240, ಡಬ್ಲ್ಯೂ 320, ಸ್ಪ್ಲಿಟ್ಸ್, ಬಟ್ಸ್, ಪೀಸಸ್ ಇವಕ್ಕೆ ಒಂದೊಂದಕ್ಕೂ ಬೇರೆ ದರ, ಗೋದಾಮಿನಲ್ಲಿ ಬೇರೆ ಬೇರೆ ಟಿನ್ ಲೆಕ್ಕ. ಗೋಡಂಬಿ ಅಂತ ಒಂದೇ ಐಟಂ ಮಾಡಿ ಪಕ್ಕದಲ್ಲಿ ಗ್ರೇಡ್ ಫೀಲ್ಡ್ ಇಟ್ಟರೆ ಸ್ಟಾಕ್ ರಿಪೋರ್ಟ್ ಒಟ್ಟು ಕಿಲೋ ತೋರಿಸುತ್ತದೆ, ಡಬ್ಲ್ಯೂ 320 ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ಬೆಲೆಯೂ ಎಲ್ಲ ಸೇರಿ ಸರಾಸರಿ ಆಗಿಬಿಡುತ್ತದೆ. ಯಾವುದರ ದಾಸ್ತಾನು ಬೇರೆ ನೋಡಬೇಕೋ, ಯಾವುದರ ಬೆಲೆ ಬೇರೆ ಕಟ್ಟಬೇಕೋ, ಅದು ಫೀಲ್ಡ್ ಆಗಬಾರದು. ಅದು ಬೇರೆ ಐಟಂ ಆಗಬೇಕು, ಇಲ್ಲವೇ ಐಟಂ ವೇರಿಯಂಟ್, ಅಂದರೆ ಒಂದೇ ಐಟಂನ ಬೇರೆ ಬೇರೆ ಬಗೆ.

ಔಟ್‌ಟರ್ನ್, ಕೌಂಟ್, ತೇವಾಂಶ ಮೂರಕ್ಕೂ ಕ್ವಾಲಿಟಿ ಇನ್‌ಸ್ಪೆಕ್ಷನ್ ಅಂತ ಬೇರೆ ಫಾರಂ ಉಂಟು. ಕಚ್ಚಾ ಬೀಜದ ಐಟಂಗೆ ಒಂದು ಟೆಂಪ್ಲೇಟ್ ಕಟ್ಟಿ, ಖರೀದಿಗೆ ಮೊದಲು ತಪಾಸಣೆ ಬೇಕು ಅಂತ ಟಿಕ್ ಹಾಕಿ. ಗೇಟಿನವರ ರಶೀದಿಗೆ ಒಂದು ಫೀಲ್ಡೂ ಜಾಸ್ತಿ ಆಗುವುದಿಲ್ಲ. ಬೀಜ ಕತ್ತರಿಸಿ ನೋಡುವವರು ತಮ್ಮ ಫಾರಂನಲ್ಲಿ ತಾವು ತುಂಬುತ್ತಾರೆ.


ಮಲ್ಪೆ ಐಸ್‌ಪ್ಲಾಂಟ್ ಹತ್ತಿರ:

ಮಣಿಪಾಲದವರು ಹೇಳಿದ್ದು ಸರಿ, ಆದರೆ ಅವರು ಹೇಳಿದ ರೀತಿಯಲ್ಲಿ ಕೇಳುತ್ತಾ ಕೂತರೆ ಕೆಲವು ಫೀಲ್ಡ್‌ಗಳು ಬರುವುದು ತಡವಾಗುತ್ತದೆ. ನಾನು ಮೀನು ಎಕ್ಸ್‌ಪೋರ್ಟ್ ಕಡೆಯವನು. ನಮ್ಮಲ್ಲಿ ಒಂದು ಮಾತು ಗಟ್ಟಿ: ಆ ಗಳಿಗೆ ಹೋದರೆ ಮತ್ತೆ ಸಿಗದ ಮಾಹಿತಿ ಯಾವುದು, ಅದನ್ನು ಮೊದಲು ಬರೆದಿಡಿ. ಉಳಿದದ್ದನ್ನು ನಿಧಾನವಾಗಿ ನೋಡಿಕೊಳ್ಳಬಹುದು.

ಯುರೋಪಿಗೆ ಕಡಲಿನ ಮೀನು ಕಳಿಸುವವರಿಗೆ 2010ರ ಜನವರಿ 1ರಿಂದ ಕ್ಯಾಚ್ ಸರ್ಟಿಫಿಕೇಟ್ ಬೇಕು. ಯಾವ ಬೋಟ್ ಹಿಡಿದದ್ದು, ಅದರ ರಿಜಿಸ್ಟ್ರೇಷನ್ ಏನು, ಯಾವಾಗ, ಯಾವ ಕಡಲಿನಲ್ಲಿ ಅಂತ ಹೇಳಬೇಕು. ಇದನ್ನು ಮೀನು ದಕ್ಕೆಗೆ ಬಂದ ಹೊತ್ತಿಗೇ ಬರೆಯಬೇಕು. ಬುಟ್ಟಿ ಬುಟ್ಟಿ ಸೇರಿ ಐಸ್ ಹಾಕಿ ಪ್ಲಾಂಟಿನ ಒಳಗೆ ಹೋದ ಮೇಲೆ ಯಾವ ಬಂಗುಡೆ ಯಾವ ಬೋಟಿನದ್ದು ಅಂತ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತ ಆ ದಿನ ಬರೆಯದೇ ಬಿಟ್ಟರೆ ಮುಗಿಯಿತು.

ನಿಮ್ಮ ಬೀಜಕ್ಕೂ ಹಾಗೇ ಅಲ್ವಾ? ಕತ್ತರಿಸಿ ತೂಗಿದ ಸ್ಯಾಂಪಲ್ ಆ ದಿನಕ್ಕೆ ಮಾತ್ರ. ಚೀಲಗಳು ಒಣಗಲಿಕ್ಕೆ ಹೋಗಿ ಬೇರೆ ಲಾಟ್ ಜೊತೆ ಸೇರಿದ ಮೇಲೆ ಯಾವ ಸಪ್ಲೈಯರ್‌ದು ಎಷ್ಟು ಔಟ್‌ಟರ್ನ್ ಅಂತ ಕೇಳಿ ಪ್ರಯೋಜನ ಇಲ್ಲ. ಅದಕ್ಕೆ ಔಟ್‌ಟರ್ನ್, ದೇಶ, ಈ ಎರಡನ್ನು ಮೀಟಿಂಗಿಗೆ ಕಾಯದೆ ಇವತ್ತೇ ಹಾಕಿ. ಯಾರು ನೋಡುತ್ತಾರೆ ಅನ್ನುವುದು ಆಮೇಲೆ ಸರಿಯಾಗುತ್ತದೆ. "ಒಳ್ಳೆ ಪಾರ್ಟಿ" ಕಾಯಲಿ, ಪಾರ್ಟಿ ಎಲ್ಲಿಗೂ ಓಡುವುದಿಲ್ಲ.

ಎರಡನೇ ಮಾತು. ಬೋಟಿನ ನಂಬರನ್ನು ಖಾಲಿ ಬಾಕ್ಸಿನಲ್ಲಿ ಟೈಪ್ ಮಾಡಲಿಕ್ಕೆ ಬಿಡಬೇಡಿ, ಅಂದರೆ ನಿಮ್ಮಲ್ಲಿ ದೇಶದ ಹೆಸರನ್ನು. ಒಬ್ಬರು ನಡುವೆ ಗೆರೆ ಹಾಕುತ್ತಾರೆ, ಒಬ್ಬರು ಜಾಗ ಬಿಡುತ್ತಾರೆ, ಒಬ್ಬರು ಕೊನೆಯ ನಾಲ್ಕು ಅಂಕಿ ಮಾತ್ರ ಬರೆಯುತ್ತಾರೆ. ಕಂಪ್ಯೂಟರಿಗೆ ಅವು ಮೂರು ಬೋಟ್. ಬೋಟ್‌ಗಳದ್ದೇ ಒಂದು ಪಟ್ಟಿ ಮಾಡಿ, ಅದರಿಂದ ಆರಿಸುವ ಹಾಗೆ ಇಡಿ. ಐವರಿ ಕೋಸ್ಟ್ ಅಂತ ಒಬ್ಬರು, ಐವಿಸಿ ಅಂತ ಒಬ್ಬರು ಬರೆಯುವುದು ನಿಮ್ಮಲ್ಲಿ ಖಂಡಿತ ಶುರುವಾಗುತ್ತದೆ.

ಮೂರನೆಯದು, ಕಡ್ಡಾಯ ಅನ್ನುವ ಟಿಕ್. ಅದನ್ನು ಎಲ್ಲದಕ್ಕೂ ಹಾಕಬೇಡಿ ಮಾರಾಯ್ರೆ. ಮಾಹಿತಿ ಕೈಯಲ್ಲಿ ಇಲ್ಲದವರಿಗೆ ಕಡ್ಡಾಯ ಮಾಡಿದರೆ ಅವರು ಒಂದು ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ, ಇಲ್ಲವೇ 0, ಇಲ್ಲವೇ ನಿನ್ನೆ ಬರೆದದ್ದೇ ಇವತ್ತೂ. ಖಾಲಿ ಇದ್ದರೆ ಗೊತ್ತಿಲ್ಲ ಅಂತ ತಿಳಿಯುತ್ತದೆ. ಸುಳ್ಳು ತುಂಬಿದ್ದರೆ ಅದೂ ತಿಳಿಯುವುದಿಲ್ಲ.


ಬಂದರ್ ಟ್ಯಾಲಿ:

ನಾವು ಈಗಲೂ ಟ್ಯಾಲಿಯಲ್ಲೇ. ನನ್ನ ದಾರಿ ಸಣ್ಣದು. ಯಾರಾದರೂ ಹೊಸ ಕಾಲಂ ಕೇಳಿದರೆ ಒಂದು ಸೀಸನ್ ನರೇಷನ್‌ನಲ್ಲಿ (ವೋಚರಿನ ಕೆಳಗೆ ಟಿಪ್ಪಣಿ ಬರೆಯುವ ಜಾಗ) ಬರೆಯಿರಿ ಅನ್ನುತ್ತೇನೆ. ಸೀಸನ್ ಮುಗಿದ ಮೇಲೂ ಅವರು ಬಿಡದೆ ಬರೆಯುತ್ತಿದ್ದರೆ ಅದು ನಿಜವಾಗಿ ಬೇಕಾದ್ದು, ಆಗ ಟಿಡಿಎಲ್ (ಟ್ಯಾಲಿಗೆ ಹೊಸದೇನಾದರೂ ಸೇರಿಸಲಿಕ್ಕೆ ಬರೆಯುವ ಪ್ರೋಗ್ರಾಂ) ಬರೆಯುವವರನ್ನು ಕರೆಯುತ್ತೇವೆ. ಜಾಸ್ತಿ ಜನ ಒಂದೆರಡು ವಾರಕ್ಕೇ ಬಿಡುತ್ತಾರೆ.

ಟ್ಯಾಲಿಯಲ್ಲಿ ಇರುವವರಿಗೆ ಒಂದು ಮಾತು. ಹೊಸ ಫೀಲ್ಡ್ ಅಂದರೆ ಯುಡಿಎಫ್, ಅದಕ್ಕೆ ಒಂದು ನಂಬರ್ ಇರುತ್ತದೆ. ಇಬ್ಬರು ಬೇರೆ ಬೇರೆಯವರು ಬರೆದ ಟಿಡಿಎಲ್‌ಗಳಲ್ಲಿ ಅದೇ ನಂಬರ್ ಬಂದರೆ ಒಂದರ ಮಾಹಿತಿ ಇನ್ನೊಂದರಲ್ಲಿ ಕಾಣುತ್ತದೆ. ಯಾವ ನಂಬರ್ ಯಾವುದಕ್ಕೆ ಅಂತ ನೀವೇ ಒಂದು ಕಡೆ ಬರೆದಿಡಿ. ಟಿಡಿಎಲ್ ಇಲ್ಲದ ಕಂಪ್ಯೂಟರಿನಲ್ಲಿ ಆ ಮಾಹಿತಿ ಕಾಣುವುದೂ ಇಲ್ಲ, ಒಳಗೆ ಇರುತ್ತದೆ ಅಷ್ಟೇ.


ಮಲ್ಪೆ ಐಸ್‌ಪ್ಲಾಂಟ್ ಹತ್ತಿರ:

ನರೇಷನ್‌ನಲ್ಲಿ ಬರೆಯುವುದು ಮಾತಿನ ವಿಷಯಕ್ಕೆ ಸರಿ. ಅಂಕಿಗೆ ಬೇಡ. "ಔಟ್‌ಟರ್ನ್ ಸುಮಾರು 47, ಸ್ವಲ್ಪ ಒದ್ದೆ" ಅಂತ ಒಂದು ಸೀಸನ್ ಬರೆದರೆ ಆ ಸೀಸನ್ನಿನ ಸರಾಸರಿ ತೆಗೆಯಲಿಕ್ಕೆ ಯಾರೋ ಒಂದೊಂದೇ ವೋಚರ್ ತೆರೆದು ಓದಬೇಕು.


ಪುತ್ತೂರು ತೋಟ:

ಅಡಿಕೆ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ, ಬೀಜಕ್ಕೂ ಇದು ಬರುತ್ತದೆ.

ನಮ್ಮ ಅಂಗಡಿಯಲ್ಲಿ ಅಡಿಕೆ ಲಾಟಿಗೆ "ಹೊಸತು", "ಹಳತು" ಅಂತ ಆರಿಸುವ ಫೀಲ್ಡ್ ಇಡಬೇಕು ಅಂತ ಮಾತು ಬಂದಿತ್ತು. ದರ ಬೇರೆ ಇರುವುದರಿಂದ ಎಲ್ಲರಿಗೂ ಸರಿ ಅಂತಲೇ ಕಂಡಿತು. ಆದರೆ ಅಡಿಕೆ ಕೂತಲ್ಲೇ ಹಳತಾಗುತ್ತದೆ. ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಅಂತ ಹೇಳುವುದೇ ಎಷ್ಟು ಕಾಲ ಇಟ್ಟದ್ದು ಅಂತ ನೋಡಿ. ಬರೆದ ದಿನ ಹೊಸತು ಅಂತ ಇದ್ದದ್ದು ಮುಂದಿನ ವರ್ಷ ಸುಳ್ಳಾಗುತ್ತದೆ, ಅದನ್ನು ಹೋಗಿ ಬದಲಿಸಲಿಕ್ಕೆ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ಯಾವ ವರ್ಷದ ಕೊಯ್ಲು ಅಂತ ಮಾತ್ರ ಇಟ್ಟುಕೊಂಡೆವು. ಆ ವರ್ಷ ಎಂದಿಗೂ ಬದಲಾಗುವುದಿಲ್ಲ. ಇವತ್ತು ಅದು ಹೊಸತಾ ಹಳತಾ ಅಂತ ರಿಪೋರ್ಟ್ ಲೆಕ್ಕ ಹಾಕಿ ಹೇಳುತ್ತದೆ.

ಒಂದು ಸಂಗತಿ ತಾನಾಗಿಯೇ ಬದಲಾಗುವಂಥದ್ದಾದರೆ ಅದನ್ನು ಫೀಲ್ಡಿಗೆ ಹಾಕಬೇಡಿ, ಅದರ ಹಿಂದಿನ ತಾರೀಕನ್ನು ಹಾಕಿ. "ಒಳ್ಳೆ ಪಾರ್ಟಿ"ಯೂ ಹಾಗೆಯೇ. ಎರಡು ವರ್ಷದ ಹಿಂದೆ ಟಿಕ್ ಹಾಕಿದವರು ಈಗ ದುಡ್ಡು ಕೊಡದೆ ಕೂತಿರಬಹುದು. ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ ಅಂತ ನಿಮ್ಮ ಲೆಕ್ಕದಲ್ಲೇ ಇದೆಯಲ್ಲ.

ಮತ್ತೆ ಕೆಲಸಗಾರರ ಫಾರಂ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಗಂಡನ ಉದ್ಯೋಗ, ಮಕ್ಕಳೆಷ್ಟು, ಇದೆಲ್ಲ ಯಾಕೆ ಬೇಕು? ಬೀಜ ಒಡೆಯುವ, ಸಿಪ್ಪೆ ತೆಗೆಯುವ ಹೆಂಗಸರು ಆಫೀಸಿನಲ್ಲಿ ಕೇಳಿದರೆ ಬೇಡ ಅನ್ನಲಿಕ್ಕೆ ಆಗುವುದಿಲ್ಲ, ಕೇಳಿದ್ದಕ್ಕೆಲ್ಲ ಹೇಳುತ್ತಾರೆ. ಅದಕ್ಕೇ ನಾವು ಕೇಳುವಾಗ ಯೋಚಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾಯ್ದೆಯೂ ಇದನ್ನೇ ಹೇಳುತ್ತದೆ, ಯಾವ ಕೆಲಸಕ್ಕೆ ಅಂತ ಹೇಳಿ ತೆಗೆದುಕೊಳ್ಳುತ್ತೀರೋ ಆ ಕೆಲಸಕ್ಕೆ ಬೇಕಾದಷ್ಟೇ ತೆಗೆದುಕೊಳ್ಳಬೇಕು. ಪಿಎಫ್‌ಗೆ, ಇಎಸ್‌ಐಗೆ ನಾಮಿನಿ ಮತ್ತು ಕುಟುಂಬದ ವಿವರ ಬೇಕಾದರೆ ಅಷ್ಟನ್ನು ಅದಕ್ಕೆ ಮಾತ್ರ, ನೋಡಬೇಕಾದವರಿಗೆ ಮಾತ್ರ ಕಾಣುವ ಹಾಗೆ. ಉಳಿದದ್ದು ಖಡಾಖಂಡಿತ ಬೇಡ.


ಬೈಕಂಪಾಡಿ ಲೆಕ್ಕ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಕೆಲಸಗಾರರ ವಿಷಯದಲ್ಲಿ ಪುತ್ತೂರಿನವರ ಮಾತು ನೂರಕ್ಕೆ ನೂರು ಒಪ್ಪುತ್ತೇನೆ, ಆ ಫೀಲ್ಡ್‌ಗಳು ಬರುವುದಿಲ್ಲ.

ಆದರೆ ಇನ್ನೂ ಕೆಲವು ಸಂಶಯ ಉಂಟು. ಔಟ್‌ಟರ್ನ್ ಅಂತ ಒಂದೇ ಅಂಕಿ ಬರೆದರೆ ಸಾಕಾ? ನಮ್ಮವರು ಒಂದು ಕಿಲೋ ಸ್ಯಾಂಪಲ್ ಕತ್ತರಿಸಿ ಒಳ್ಳೆ ತಿರುಳು ತೂಗುತ್ತಾರೆ, ಕಲೆ ಇರುವುದನ್ನು ಬೇರೆ ತೂಗಿ ಅರ್ಧ ಹಿಡಿಯುತ್ತಾರೆ, ಎರಡೂ ಸೇರಿಸಿ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ಅಂತ ಲೆಕ್ಕ ಹಾಕುತ್ತಾರೆ. 272 ಗ್ರಾಂ ಬಂದರೆ ಹತ್ತಿರ ಹತ್ತಿರ 48 ಪೌಂಡ್.

ದೇಶದ ಹೆಸರು ಎಲ್ಲಿ ಹಾಕುವುದು? ಐಟಂನಲ್ಲಿ ಕಂಟ್ರಿ ಆಫ್ ಒರಿಜಿನ್ ಅಂತ ಕಾಣುತ್ತದೆ, ಆದರೆ ನಮ್ಮಲ್ಲಿ ಕಚ್ಚಾ ಬೀಜ ಅಂತ ಒಂದೇ ಐಟಂ. ಸ್ಟೀಮ್ ಲೆಕ್ಕ ಹಾಕಬೇಕಾ ಬೇಡವಾ? ಹಳೆ ರಶೀದಿಗಳಲ್ಲಿ ಈ ಮಾಹಿತಿ ಇಲ್ಲ, ಅವುಗಳ ಕಥೆ ಏನು? ಕೊನೆಗೆ, ಹಾಕಿದ ಫೀಲ್ಡ್ ಬೇಡ ಅನ್ನಿಸಿದರೆ ಡಿಲೀಟ್ ಮಾಡಿದರೆ ಸಾಕಲ್ಲ?


ಮಣಿಪಾಲದಿಂದ:

ಮೊದಲು ಮಲ್ಪೆಯವರಿಗೆ, ನೀವು ಹೇಳಿದ್ದು ನನ್ನ ಮೂರು ಪ್ರಶ್ನೆಗಿಂತ ಮೊದಲು ಬರಬೇಕಾದ್ದು. ತಿರುಗಿ ಸಿಗದ್ದನ್ನು ಮೊದಲು ಹಿಡಿದಿಡಬೇಕು, ಒಪ್ಪಿದೆ. ಆದರೂ ಅದನ್ನು ನೋಡುವವರು ಯಾರು ಅಂತ ಆ ಸೀಸನ್ ಮುಗಿಯುವುದರೊಳಗೆ ಗೊತ್ತಾಗಬೇಕು, ಇಲ್ಲದಿದ್ದರೆ ತುಂಬುವವರಿಗೆ ಬೇಸರ ಬಂದು ಅಂಕಿ ಸಡಿಲ ಆಗುತ್ತದೆ.

ಔಟ್‌ಟರ್ನ್: ತೂಗಿದ್ದನ್ನು ಬರೆಯಿರಿ. ಒಳ್ಳೆ ತಿರುಳು ಎಷ್ಟು ಗ್ರಾಂ, ಕಲೆ ಇರುವುದು ಎಷ್ಟು, ಬಿಸಾಡಿದ್ದು ಎಷ್ಟು. ಪೌಂಡ್ ಲೆಕ್ಕವನ್ನು ಕಂಪ್ಯೂಟರ್ ಮಾಡಲಿ. ಸಪ್ಲೈಯರ್ ಜೊತೆ ತಕರಾರು ಬಂದಾಗ "48 ಅಂತ ಬರೆದಿದೆ" ಅಂದರೆ ಅವರು ಒಪ್ಪುವುದಿಲ್ಲ, ಗ್ರಾಂ ತೋರಿಸಿದರೆ ಮಾತು ಮುಂದೆ ಹೋಗುತ್ತದೆ. ಮುಂದೆ ಯಾವತ್ತಾದರೂ ಲೆಕ್ಕದ ರೀತಿ ಬದಲಾದರೂ ಹಳೆ ತೂಕದಿಂದ ಪುನಃ ಲೆಕ್ಕ ಹಾಕಬಹುದು.

ದೇಶ: ಇದು ನಿಮಗೆ ನಿಜವಾಗಿ ಬೇಕಾದ ಕಸ್ಟಮ್ ಫೀಲ್ಡ್. ಐಟಂನಲ್ಲಿ ಹಾಕಿದರೆ ಎಲ್ಲ ಬೀಜವೂ ಒಂದೇ ದೇಶದ್ದು ಅಂತ ಆಗುತ್ತದೆ. ರಶೀದಿಯ ತಲೆಯಲ್ಲಿ ಹಾಕಿದರೆ ಒಂದೇ ರಶೀದಿಯಲ್ಲಿ ಎರಡು ದೇಶದ ಲಾಟ್ ಬಂದ ದಿನ ಸಿಕ್ಕಿಬೀಳುತ್ತೀರಿ. ದೇಶ ಅನ್ನುವುದು ಲಾಟಿನ ಗುಣ, ಹಾಗಾಗಿ ಬ್ಯಾಚ್‌ನಲ್ಲಿ, ಅಂದರೆ ಒಂದೊಂದು ಲಾಟಿಗೂ ಇರುವ ದಾಖಲೆಯಲ್ಲಿ ಹಾಕಿ. ಟೈಪ್ ಮಾಡುವ ಬಾಕ್ಸ್ ಬೇಡ, ಲಿಂಕ್ ಅಂತ ಇಟ್ಟು ಕಂಟ್ರಿ ಪಟ್ಟಿಗೆ ಕಟ್ಟಿ, ಆ ಪಟ್ಟಿ ಸಾಫ್ಟ್‌ವೇರ್ ಒಳಗೆ ಮೊದಲೇ ಉಂಟು. ಯಾವುದೇ ಫೀಲ್ಡ್ ಬಂದರೂ ಇದು ಯಾವುದರ ಗುಣ ಅಂತ ಕೇಳಿಕೊಳ್ಳಿ, ಐಟಂನದ್ದಾ, ಲಾಟಿನದ್ದಾ, ಪಾರ್ಟಿಯದ್ದಾ, ಆ ಒಂದು ವ್ಯವಹಾರದ್ದಾ. ನಾನು ನೋಡಿದ ಹಾಗೆ ಫೀಲ್ಡ್ ಬೇಕಾ ಬೇಡವಾ ಅನ್ನುವುದಕ್ಕಿಂತ ಜಾಸ್ತಿ ತೊಂದರೆ ಬರುವುದು ಫೀಲ್ಡ್ ತಪ್ಪು ಜಾಗದಲ್ಲಿ ಕೂತಾಗ.

ಸ್ಟೀಮ್: ಬಾಯ್ಲರ್ ಹತ್ತಿರ ಇರುವವರಿಗೆ ಈಗ ಪುಸ್ತಕ ಇದ್ದರೆ ಪುಸ್ತಕದಲ್ಲೇ ಇರಲಿ. ಆ ಅಂಕಿಯನ್ನು ತುಂಡಾದ ಗೋಡಂಬಿಯ ಲೆಕ್ಕದ ಜೊತೆ ಇಟ್ಟು ನೋಡುತ್ತೇನೆ ಅಂತ ಒಬ್ಬರು ಮುಂದೆ ಬರಲಿ, ಆಗ ಹಾಕಿ.

ಹಳೆ ರಶೀದಿ: ಖಾಲಿ ಬಿಡಿ. ಹೊಸ ಫೀಲ್ಡಿಗೆ ಡೀಫಾಲ್ಟ್ ಅಂತ ಏನಾದರೂ ಕೊಟ್ಟು ಹಳೆಯದಕ್ಕೂ ತುಂಬಿಸಬೇಡಿ, ಗೊತ್ತಿಲ್ಲದ್ದು ಗೊತ್ತಿದ್ದ ಹಾಗೆ ಕಾಣುತ್ತದೆ. ಯಾವ ತಾರೀಕಿನಿಂದ ತುಂಬಲಿಕ್ಕೆ ಶುರು ಮಾಡಿದ್ದು ಅಂತ ಆ ಫೀಲ್ಡಿನ ವಿವರಣೆಯಲ್ಲೇ ಬರೆದಿಡಿ, ಅದು ಬಾಕ್ಸಿನ ಕೆಳಗೆ ಕಾಣುತ್ತದೆ. ಇನ್ನೊಂದು ನೆನಪಿರಲಿ, ಸಬ್‌ಮಿಟ್ ಆದ, ಅಂದರೆ ಅಂತಿಮ ಮಾಡಿದ ಇನ್‌ವಾಯ್ಸ್‌ನಲ್ಲಿ "ಅಲೋ ಆನ್ ಸಬ್‌ಮಿಟ್" ಇಲ್ಲದ ಫೀಲ್ಡನ್ನು ಆಮೇಲೆ ತುಂಬಲಿಕ್ಕೆ ಬಿಡುವುದಿಲ್ಲ. ತಡವಾಗಿ ಬರುವ ಮಾಹಿತಿ ಇದ್ದರೆ ಮೊದಲೇ ಆ ಟಿಕ್ ಹಾಕಿ.

ಡಿಲೀಟ್: ಫಾರಂನಿಂದ ಹೋಗುತ್ತದೆ, ಆದರೆ ಡೇಟಾಬೇಸಿನ ಕಾಲಂ ತಾನಾಗಿ ಹೋಗುವುದಿಲ್ಲ, ಅದನ್ನು ಬೇರೆ ಕಮಾಂಡ್ ಕೊಟ್ಟು ತೆಗೆಯಬೇಕು. ಬೇಡ ಅನ್ನಿಸಿದ ಫೀಲ್ಡನ್ನು ಮೊದಲು ಹಿಡನ್ ಮಾಡಿ. ಒಂದು ಸೀಸನ್ ಯಾರೂ ಕೇಳದಿದ್ದರೆ ಆಮೇಲೆ ತೆಗೆಯಿರಿ, ತೆಗೆಯುವ ಮೊದಲು ಪ್ರಿಂಟ್ ಫಾರ್ಮ್ಯಾಟ್‌ನಲ್ಲಿ, ರಿಪೋರ್ಟಿನಲ್ಲಿ ಅದರ ಹೆಸರು ಇದೆಯಾ ನೋಡಿ. ವಿಧ ಬದಲಿಸುವುದೂ ಅಷ್ಟು ಸುಲಭ ಅಲ್ಲ. ಟೈಪ್ ಮಾಡುವ ಬಾಕ್ಸನ್ನು ಆಮೇಲೆ ತಾರೀಕಿನ ಫೀಲ್ಡ್ ಮಾಡಲಿಕ್ಕೆ ಅದು ಬಿಡುವುದಿಲ್ಲ. ಅಂಕಿಯಾದರೆ ಅಂಕಿ, ತಾರೀಕಾದರೆ ತಾರೀಕು ಅಂತ ಮೊದಲ ದಿನವೇ ಸರಿಯಾಗಿ ಆರಿಸಿ.

ಎಷ್ಟು ಫೀಲ್ಡ್ ಬೇಕಾದರೂ ಹಾಕಬಹುದು ಅಂತ ತಿಳಿದವರಿಗೆ ಒಂದು ಅಂಕಿ ಹೇಳುತ್ತೇನೆ. ಈ ಸಾಫ್ಟ್‌ವೇರಿನ ಹಿಂದೆ ಇರುವ ಮಾರಿಯಾಡಿಬಿ ಡೇಟಾಬೇಸಿನಲ್ಲಿ ಒಂದು ಟೇಬಲ್ಲಿನ ಸಾಲಿಗೆ 65,535 ಬೈಟ್ ಮಿತಿ. ಮಾಮೂಲಿ ಡೇಟಾ ಫೀಲ್ಡ್ 140 ಅಕ್ಷರದ್ದು, ಒಂದು ಅಕ್ಷರಕ್ಕೆ ನಾಲ್ಕು ಬೈಟ್ ಅಂತ ಹಿಡಿದರೆ ಒಂದಕ್ಕೆ 560. ನೂರು ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಜಾಗ ಮುಗಿಯುತ್ತದೆ, ಮತ್ತೆ ಸೇಲ್ಸ್ ಇನ್‌ವಾಯ್ಸ್‌ನಲ್ಲಿ ಅದರದ್ದೇ ಫೀಲ್ಡ್‌ಗಳು ಈಗಾಗಲೇ ತುಂಬ ಉಂಟು. ನಿಮ್ಮ ಕಾರ್ಖಾನೆಗೆ ಅಲ್ಲಿಯವರೆಗೆ ಹೋಗುವ ಕೆಲಸ ಇಲ್ಲ, ಆದರೆ ಮಿತಿ ಉಂಟು ಅಂತ ಗೊತ್ತಿರಲಿ.


ಮಲ್ಪೆ ಐಸ್‌ಪ್ಲಾಂಟ್ ಹತ್ತಿರ:

ಲಿಂಕ್ ಬಗ್ಗೆ ಒಂದು ಸಾಲು. ಪಟ್ಟಿಯಿಂದ ಆರಿಸುವ ಹಾಗೆ ಇಟ್ಟರೆ ಎರಡು ಸಲ ನಮೂದಾದ ಹೆಸರನ್ನು ರೀನೇಮ್ ಮಾಡುವಾಗ ಮರ್ಜ್ ಮಾಡಬಹುದು, ಹಳೆ ದಾಖಲೆಗಳೆಲ್ಲ ಸರಿಯಾಗುತ್ತವೆ. ಆಯ್ಕೆಗಳನ್ನು ಫೀಲ್ಡಿನ ಒಳಗೇ ಬರೆದಿಡುವ ಸೆಲೆಕ್ಟ್ ಫೀಲ್ಡಿನಲ್ಲಿ ಆಯ್ಕೆಯ ಹೆಸರು ಬದಲಿಸಿದರೆ ಹಳೆಯದು ಹಳೆಯ ಹಾಗೇ ಉಳಿಯುತ್ತದೆ. ಸಪ್ಲೈಯರ್, ಬೋಟ್, ಏಜೆಂಟ್ ಇಂಥ ಬೆಳೆಯುವ ಪಟ್ಟಿಗೆಲ್ಲ ಲಿಂಕ್ ಒಳ್ಳೆಯದು.

ಮತ್ತೆ ಬದಲಾವಣೆ ಮಾಡುವ ಕಾಲ. ನಮಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವುದಿಲ್ಲ. ಫಾರಂ ಬದಲಿಸುವುದು, ಜನರಿಗೆ ಹೇಳಿಕೊಡುವುದು ಎಲ್ಲ ಆಗಲೇ. ಕೆಲಸದ ಬಿಸಿ ಇರುವಾಗ ನಡುವೆ ಹೊಸ ಬಾಕ್ಸ್ ಬಂದರೆ ಯಾರೂ ಓದುವುದಿಲ್ಲ. ನಿಮಗೂ ಬೀಜ ಕಡಿಮೆ ಬರುವ ತಿಂಗಳು ಇರಬೇಕಲ್ಲ. ಔಟ್‌ಟರ್ನ್, ದೇಶ ಎರಡನ್ನು ಬಿಟ್ಟು ಉಳಿದದ್ದನ್ನು ಆಗ ಮಾಡಿ.


ಬೈಕಂಪಾಡಿ ಲೆಕ್ಕ:

ಇವತ್ತು ಮಧ್ಯಾಹ್ನ ಖರೀದಿಯವರ ಜೊತೆ ಕೂತು ಮಾತಾಡಿದೆ. ಕ್ವಾಲಿಟಿ ಇನ್‌ಸ್ಪೆಕ್ಷನ್ ಟೆಂಪ್ಲೇಟ್ ಶುರು ಮಾಡುತ್ತಿದ್ದೇವೆ, ಗ್ರಾಂ ಲೆಕ್ಕದಲ್ಲೇ. ದೇಶ ಬ್ಯಾಚಿಗೆ. ಗ್ರೇಡ್‌ಗಳನ್ನು ಬೇರೆ ಬೇರೆ ಐಟಂ ಮಾಡುವುದು ಸ್ವಲ್ಪ ದೊಡ್ಡ ಕೆಲಸ, ಆದರೆ ಅದನ್ನು ಬಿಟ್ಟು ಬೇರೆ ದಾರಿ ಇಲ್ಲ ಅಂತ ಮಾಲೀಕರಿಗೂ ಅರ್ಥ ಆಗಿದೆ. ಸೇಲ್ಸ್‌ನವರಿಗೆ ಪ್ಲೇಸ್ ಆಫ್ ಸಪ್ಲೈ ಫಿಲ್ಟರ್ ತೋರಿಸಿದೆ, ಕೇರಳ ಟಿಕ್ ಬೇಡ ಅಂತ ಅವರೇ ಹೇಳಿದರು.

ಹಡಗಿನ ಹೆಸರು ಒಂದು ಉಳಿದಿದೆ. ಖರೀದಿಯವರು ಬಿಡುತ್ತಿಲ್ಲ. ದಾರಿಯಲ್ಲಿ ಒದ್ದೆಯಾಗಿ ಬಂದ ಬೀಜದ ವಿಷಯದಲ್ಲಿ ಕ್ಲೇಮ್ ಮಾಡಲಿಕ್ಕೆ ಬೇಕು ಅಂತ ಅವರ ಮಾತು.


ಮಣಿಪಾಲದಿಂದ:

ಕ್ಲೇಮಿಗೆ ಹಡಗಿನ ಹೆಸರೊಂದೇ ಸಾಲದು. ಒಂದೇ ಹಡಗಿನಲ್ಲಿ ನಿಮ್ಮ ಎಷ್ಟೋ ಕಂಟೇನರ್ ಬಂದಿರಬಹುದು, ಒದ್ದೆಯಾದದ್ದು ಯಾವುದು ಅಂತ ಹೇಳಬೇಕಲ್ಲ. ಬಿಲ್ ಆಫ್ ಲೇಡಿಂಗ್ (ಹಡಗಿನ ಕಂಪನಿ ಸರಕಿಗೆ ಕೊಡುವ ರಶೀದಿ) ನಂಬರ್ ಮತ್ತು ಕಂಟೇನರ್ ನಂಬರ್ ಇಟ್ಟುಕೊಳ್ಳಿ. ಬಿಲ್ ಆಫ್ ಲೇಡಿಂಗ್ ನೋಡಿದರೆ ಹಡಗಿನ ಹೆಸರು ಅದರಲ್ಲೇ ಉಂಟು. ಕಸ್ಟಮ್ಸ್‌ಗೆ ಬಿಲ್ ಆಫ್ ಎಂಟ್ರಿ ಮಾಡುವವರ ಹತ್ತಿರ ಈ ಎರಡೂ ನಂಬರ್ ಮೊದಲೇ ಇರುತ್ತದೆ, ಹಾಗಾಗಿ ತುಂಬುವುದು ಅವರು, ಗೇಟಿನವರಲ್ಲ. ಕಂಟೇನರ್ ನಂಬರನ್ನು ಬ್ಯಾಚಿಗೆ ಹಾಕಿ, ನಾಲ್ಕು ಅಕ್ಷರ ಏಳು ಅಂಕಿ, ಅಷ್ಟು ಇಲ್ಲದಿದ್ದರೆ ಸೇವ್ ಆಗದ ಹಾಗೆ ಮಾಡಲಿಕ್ಕೂ ಆಗುತ್ತದೆ. ಒಂದೇ ಲಾಟ್ ಎರಡು ಕಂಟೇನರಿನಲ್ಲಿ ಬಂದರೆ ಎರಡು ಬ್ಯಾಚ್ ಮಾಡುತ್ತೀರಾ ಅಂತ ಖರೀದಿಯವರನ್ನು ಕೇಳಿ ತಿಳಿಸಿ. ಅದು ತೀರ್ಮಾನ ಆದ ಮೇಲೆ ಫೀಲ್ಡ್ ಹಾಕಿ.